ಹಳದಿ ಚೀಟಿ

ನಮ್ಮ ಕಣ್ಣಾಸ್ಪತ್ರೆ ಇರುವುದು ಶ್ರೀರಂಗಪಟ್ಟಣದಲ್ಲಿ. ನಾನು ಅಲ್ಲಿ ಕನ್ನಡಕ ಮಾರುವವನು. ಎದುರಿನ ಮೇಜಿನಲ್ಲಿ ಮೆಹನಾಜ್ ಕೂರುತ್ತಾಳೆ, ಗಂಜಾಮಿನಲ್ಲಿ ಗೂಡ್ಸ್ ಆಟೋ ಓಡಿಸುವ ಮುಖ್ತಾರ್ ಅಹಮದರ ಮಗಳು. ಡಾಕ್ಟರು ಬರೆದ ಕಾಯಿಲೆಗೆ ಸರಿಯಾದ ಕೋಡ್ ಹಾಕಿ ವಿಮೆ ಕಂಪನಿಗೆ ಕಳಿಸುವುದು ಅವಳ ಕೆಲಸ. ಕೆಳರೆಪ್ಪೆ ಹೊರಕ್ಕೆ ಮಗುಚಿದೆ ಎಂದರೆ ಸಾಲದು. ಎಡವೋ ಬಲವೋ, ವಯಸ್ಸಿನಿಂದಲೋ ಗಾಯದ ಕಲೆಯಿಂದಲೋ, ಒಂದೊಂದಕ್ಕೂ ಬೇರೆ ಕೋಡ್. ಅಷ್ಟನ್ನೂ ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ಮೈಸೂರಿಗೆ ಆರು ತಿಂಗಳು ಓಡಾಡಿ ಕಲಿತ ವಿದ್ಯೆ. ಜಂಬವೂ ಸ್ವಲ್ಪ ಇತ್ತು, ಇರಲಿ ಬಿಡಿ.

ಆ ಕೆಲಸಕ್ಕೊಂದು ಕಟ್ಟಳೆ. ಡಾಕ್ಟರು ಬರೆಯದ್ದನ್ನು ಇವಳು ಕಣ್ಣಾರೆ ಕಂಡರೂ ಸೇರಿಸುವಂತಿಲ್ಲ. ಅನುಮಾನವಿದ್ದರೆ ಫೈಲಿಗೆ ಹಳದಿ ಚೀಟಿ ಅಂಟಿಸಿ ಕೇಳಬೇಕು. ಮೆಹನಾಜ್ ಅಂಟಿಸಿದ್ದೇ ಅಂಟಿಸಿದ್ದು. ಒಂದು ದಿನ ಡಾಕ್ಟರು ರೋಗಿಗಳ ಎದುರೇ, "ನಂಗೇ ಡಾಕ್ಟರಿಕೆ ಹೇಳ್ಕೊಡ್ತೀಯೇನಮ್ಮ?" ಅಂದರು. ಅವತ್ತಿಗೆ ಚೀಟಿಗಳು ಡ್ರಾಯರ್ ಸೇರಿದವು. ದೊಡ್ಡವರ ಬಾಯಿಗೆ ಹೆದರುವುದು ನಮ್ಮಂಥವರ ಜಾಯಮಾನ, ನಾನೂ ಬೇರೆಯವನಲ್ಲ.

ಆಮೇಲೆ ಬಂದವನು ಪಾಂಡವಪುರದ ಕಡೆಯ ಮರಿಯಯ್ಯ. ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಸಿಡಿದು ಅವನ ಕೆನ್ನೆ ಸುಟ್ಟಿತ್ತು. ಗಾಯ ಮಾಯುತ್ತಾ ಬಲಗಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ಹೊರಕ್ಕೆ ತಿರುಗಿಸಿತ್ತು. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಮಗ ಕೆಲಸಕ್ಕಿದ್ದ ಕಾರ್ಖಾನೆಯ ವಿಮೆ ಒಪ್ಪಿದರೆ ಆಪರೇಷನ್. ತಡವಾದರೆ ಒಣಗಿ ಕಣ್ಣೇ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಹೇಳಿದರು, ಬರೆಯಲಿಲ್ಲ. ಫೈಲಿನಲ್ಲಿದ್ದದ್ದು ಕೆಳರೆಪ್ಪೆ ಹೊರಕ್ಕೆ ಮಗುಚಿದೆ ಎಂಬ ಒಂದೇ ಸಾಲು.

ಕೆನ್ನೆಯ ಕಲೆ ಮೆಹನಾಜಳಿಗೆ ಕಾಣುತ್ತಿತ್ತು. ಡ್ರಾಯರ್ ಎಳೆದಳು, ಡಾಕ್ಟರ ಕೋಣೆಯ ಕಡೆ ನೋಡಿದಳು, ಮುಚ್ಚಿದಳು. ಕಾರಣ ನಮೂದಾಗಿಲ್ಲ ಎಂಬ ಕೋಡ್ ಹಾಕಿ ಕಳಿಸಿದಳು.

ಮೂರು ವಾರಕ್ಕೆ ಉತ್ತರ ಬಂತು: ಕಾರಣವಿಲ್ಲ, ಫೋಟೊ ಇಲ್ಲ, ಅಂದಕ್ಕಾಗಿ ಮಾಡಿಸುವ ಚಿಕಿತ್ಸೆ ಎಂದು ತಿರಸ್ಕರಿಸಲಾಗಿದೆ. ಎಪ್ಪತ್ತರ ಮುದುಕನಿಗೆ ಅಂದವಂತೆ. ಓದಿ ನನಗೆ ಮೈಯೆಲ್ಲ ಉರಿಯಿತು.

ಮೆಹನಾಜ್ ಹಳದಿ ಚೀಟಿ ಹಿಡಿದು ಓಡಿದಳು. ಡಾಕ್ಟರು ನಿಂತಲ್ಲೇ ಸುಟ್ಟ ಗಾಯದ ವಿವರ ಬರೆದು, "ಮೊದ್ಲೇ ಕೇಳ್ಬಾರ್ದಾಗಿತ್ತಾ?" ಅಂದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಒಪ್ಪಿಗೆ ಬರಲು ಇನ್ನೆರಡು ವಾರ ಹಿಡಿಯಿತು. ಅಷ್ಟು ದಿನವೂ ಮರಿಯಯ್ಯ ಕಣ್ಣಿಗೆ ಟವೆಲ್ ಸುತ್ತಿಕೊಂಡು ಆಲೆಮನೆಯ ಒಲೆ ಮುಂದೆಯೇ ಇದ್ದ. ಒಪ್ಪಿಗೆ ಬರುವಷ್ಟರಲ್ಲಿ ಕಣ್ಣಿನ ಕರಿಗುಡ್ಡೆ ಹುಣ್ಣಾಗಿ ಬೆಳ್ಳಗಾಗಿತ್ತು. ರೆಪ್ಪೆ ಸರಿಮಾಡಿದರು. ದೃಷ್ಟಿ ಬರಲಿಲ್ಲ.

ಮನೆಗೆ ಹೊರಟ ದಿನ ಅವನು ಮೆಹನಾಜಳ ಮೇಜಿನ ಹತ್ತಿರ ನಿಂತ. "ನೀನೇನ್ ಮಾಡೀಯವ್ವ, ಅಷ್ಟೆಲ್ಲ ಓಡಾಡ್ದೆ. ನನ್ ಅಣೇಬರ ಅಂಗಿತ್ತು," ಅಂದ. ನಿಜ ಹೇಳುವ ಧೈರ್ಯ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಅವನು ಹೋದ ಮೇಲೆ, ಆಪರೇಷನ್ನಿನ ಹಣಕ್ಕಾಗಿ ವಿಮೆ ಕಂಪನಿಗೆ ಕಳಿಸುವ ಕೊನೆಯ ಕಾಗದ ಭರ್ತಿ ಮಾಡಲು ಮೆಹನಾಜ್ ಕೂತಳು. ಈ ಸಲ ಡಾಕ್ಟರು ಪುಟ ತುಂಬ ಬರೆದಿದ್ದರು. ಬಲಗಣ್ಣು, ಕುರುಡು, ಫೋಟೊ ಎಲ್ಲ ಸರಿಯಾಗಿತ್ತು. ಅವಳ ಕೈ ಒಂದು ಕಡೆ ನಿಂತಿತು.

"ಕಾರಣಕ್ಕೆ ಒಂದೇ ಕಾಲಂ ಐತೆ ಅಣ್ಣ. ಸುಟ್ಟ ಗಾಯ ಅಂತ ಬರ್ದಿದೀನಿ. ನನ್ ಹೆಸ್ರು ಎಲ್ಲಿ ಬರೀಲಿ?"

ನಾನು ಕನ್ನಡಕಗಳನ್ನು ಒರೆಸುತ್ತಾ ನಿಂತೆ. ಮರುದಿನವೇ ಕಂಪನಿಯಿಂದ ಹಣಕ್ಕೆ ಒಪ್ಪಿಗೆ ಬಂತು, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.