ಅಪ್ಪ ಬೆಂಕಿಗೆ ಹಿಡಿದ ಗಿಟಾರ್

ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕೆನ್ನುವವರು ನಮ್ಮ ಕಡೆ ಅಂಗಡಿಗೆ ಹೋಗುವ ಮೊದಲು ನನಗೆ ಫೋನ್ ಮಾಡುತ್ತಾರೆ. ಹೀಗೆ ಬರೆದರೆ ಜಂಬ ಕೊಚ್ಚಿಕೊಂಡಂತೆ ಕಾಣಬಹುದು. ಕಾಣಲಿ, ಜಂಬವೇ ಅದು. ಹೊನ್ನಾಳಿಯ ತಾಲ್ಲೂಕು ಕಚೇರಿಯಲ್ಲಿ ದಿನವಿಡೀ ಪಹಣಿ, ವಂಶವೃಕ್ಷ ಎಂದು ತಲೆಚಿಟ್ಟು ಹಿಡಿಸಿಕೊಳ್ಳುವ ನನಗೆ ಜಂಬಪಡಲು ಬೇರೆ ಏನಿದೆ? ದಾವಣಗೆರೆಯ ಹಾಸ್ಟೆಲಿನಲ್ಲಿ ಓದುವಾಗ ಗೆಳತಿಯೊಬ್ಬಳ ಹಳೆಯ ಗಿಟಾರ್ ಹಿಡಿದು ಕಲಿತವಳು ನಾನು. ಚೆನ್ನಾಗಿ ನುಡಿಸುವುದು ಕೊನೆಗೂ ಬರಲಿಲ್ಲ. ಆದರೆ ಯಾವ ಗಿಟಾರ್ ಕೈಗೆ ಕೊಟ್ಟರೂ ಅದರ ಹುಳುಕು ಕಂಡುಹಿಡಿಯುವುದು ಬಂತು. ಅದು ನಿನ್ನ ಹುಟ್ಟುಗುಣ, ಅದಕ್ಕೆ ಗಿಟಾರೇ ಬೇಕಾಗಿರಲಿಲ್ಲ ಎಂದು ನನ್ನ ತಂಗಿ ಆಡಿಕೊಳ್ಳುತ್ತಾಳೆ. ಈಗ ಹೇಳಹೊರಟಿರುವುದು ಅವಳ ಗಿಟಾರ್ ವಿಷಯ.

ಅದಕ್ಕೆ ಮೊದಲು ನನ್ನ ವಿದ್ಯೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ, ಹೇಳದಿದ್ದರೆ ಹೊಟ್ಟೆ ತುಂಬುವುದಿಲ್ಲ. ಅಂಗಡಿಗೆ ಹೋದೊಡನೆ ಬಣ್ಣ ನೋಡಬಾರದು. ಅಗ್ಗದ ಗಿಟಾರ್ ಮಾಡುವವರು ಇರುವ ಮುತುವರ್ಜಿಯನ್ನೆಲ್ಲ ಬಣ್ಣದ ಮೇಲೇ ಸುರಿದಿರುತ್ತಾರೆ. ಅದರ ಉದ್ದನೆಯ ಕತ್ತನ್ನು ಕಣ್ಣಿನ ನೇರಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಡಗಿ ತೊಲೆ ನೋಡುವ ಹಾಗೆ ನೋಡಬೇಕು. ಕೊಂಚ ಬಾಗಿದ್ದರೆ ಚಿಂತೆಯಿಲ್ಲ, ಕತ್ತಿನೊಳಗೆ ಒಂದು ಕಬ್ಬಿಣದ ಸರಳಿರುತ್ತದೆ, ಅದನ್ನು ತಿರುಗಿಸಿ ಸರಿಮಾಡಬಹುದು. ತಿರುಚಿಕೊಂಡಿದ್ದರೆ ಮಾತ್ರ ಕೈಮುಗಿದು ಎದ್ದು ಬರಬೇಕು. ಆಮೇಲೆ ಕತ್ತಿನ ಅಂಚಿನುದ್ದಕ್ಕೂ ಬೆರಳು ಸವರಬೇಕು. ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ, ಅವುಗಳ ತುದಿ ಜಾಲಿಮುಳ್ಳಿನ ಹಾಗೆ ಚುಚ್ಚಿದರೆ ಅರ ಹಾಕಿ ಉಜ್ಜುವ ಕೆಲಸ ನಮ್ಮ ಪಾಲಿಗೆ. ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್ಟಿನ ಹತ್ತಿರ ಒತ್ತಿ ಮೀಟಿ, ಎಲ್ಲಾದರೂ ‘ಜರ್ರ್’ ಅನ್ನುತ್ತದೆಯೇ ಎಂದು ಕೇಳಬೇಕು. ತಂತಿ ಜಗ್ಗಿ ಬಿಟ್ಟು ಶ್ರುತಿ ನಿಂತಿದೆಯೇ ನೋಡಬೇಕು. ಕೊನೆಗೆ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ಗುಂಡಿ ತಿರುಗಿಸಬೇಕು, ಕರಕರ ಅಂದರೆ ಒಳಗೆ ಧೂಳು ಕೂತಿದೆ ಎಂದರ್ಥ. ತಪ್ಪೇ ಇಲ್ಲದ ಅಗ್ಗದ ಗಿಟಾರನ್ನು ನಾನಿನ್ನೂ ಕಂಡಿಲ್ಲ. ಇರುವ ತಪ್ಪು ತಿದ್ದಬಹುದಾದದ್ದೋ, ತಿದ್ದಲಾಗದ್ದೋ ಎಂಬುದಷ್ಟೇ ಪ್ರಶ್ನೆ, ಅದರ ಬೆಲೆ ನಿಲ್ಲುವುದೂ ಅದರ ಮೇಲೆಯೇ.

ತಂಗಿಯನ್ನು ಕೊಟ್ಟಿರುವುದು ನ್ಯಾಮತಿಗೆ. ಹಗಲೆಲ್ಲ ಬ್ಲೌಸ್ ಹೊಲಿಯುತ್ತಾಳೆ. ಓಣಿಯ ಇನ್ನು ಮೂವರು ಹೆಂಗಸರನ್ನು ಸೇರಿಸಿಕೊಂಡು ಒಂದು ಹಾಡಿನ ತಂಡ ಕಟ್ಟಿದ್ದಾಳೆ. ಮದುವೆ, ನಾಮಕರಣ, ಬುದ್ಧ ಪೂರ್ಣಿಮೆ, ಎಲ್ಲಿ ಕರೆದರೂ ಹೋಗಿ ಹಾಡುತ್ತಿದ್ದರು. ಅವರ ಜೊತೆ ಕೀಬೋರ್ಡ್ ನುಡಿಸುತ್ತಿದ್ದವನು ದೊಡ್ಡ ಆರ್ಕೆಸ್ಟ್ರಾ ಸೇರಿಕೊಂಡ ಮೇಲೆ ಕರೆಯುವವರು ಕಡಿಮೆಯಾದರು. ‘ಮ್ಯೂಸಿಕ್ ಇಲ್ಲ ಅಂದ್ರೆ ಹೆಂಗ್ರಿ’ ಎಂದು ಮುಖಕ್ಕೇ ಹೇಳಿದವರೂ ಉಂಟು. ತಂಗಿ ಭಾನುವಾರಗಳಂದು ನನ್ನ ಮನೆಗೆ ಬಂದು ಗಿಟಾರ್ ಕಲಿತದ್ದು ಆಗಲೇ. ಅವಳ ಬೆರಳು ನನ್ನದಕ್ಕಿಂತ ಚುರುಕು, ಸೂಜಿ ಹಿಡಿದ ಬೆರಳು. ಆದರೆ ನಾಲ್ಕು ಜನರ ಮುಂದೆ ನುಡಿಸು ಅಂದರೆ ಅಂಗೈ ಬೆವರುತ್ತಿತ್ತು.

ಒಂದು ಭಾನುವಾರ ಅವಳೇ ಅಂದಳು: “ಬುದ್ಧ ಪೂರ್ಣಿಮೆಗೆ ಸೊಕ್ಕೆಯಾಗೆ ಹಾಡಾಕೆ ಕರೆದಾರೆ ಅಕ್ಕ. ತವರೂರು. ಅಲ್ಲಿ ನಾನು ನುಡಿಸಿದೆ ಅಂದ್ರೆ ತಂಡ ಉಳೀತೈತೆ. ಆಗಲಿಲ್ಲ ಅಂದ್ರೆ ಬಾಗಿಲು ಹಾಕೋದೇ. ನನಗೆ ನಂದೇ ಅಂತ ಒಂದು ಗಿಟಾರ್ ಬೇಕು.”

ನನ್ನ ಗಿಟಾರನ್ನು ಕೊಡಬಹುದಿತ್ತು. ಆದರೆ ಅದಕ್ಕೆ ನನ್ನದೇ ಬುದ್ಧಿ, ಯಾವಾಗ ಸಿಟ್ಟಾಗುತ್ತದೆ ಎಂದು ನನಗೆ ಮಾತ್ರ ಗೊತ್ತು. ಚನ್ನಗಿರಿಯಲ್ಲಿ ವಾದ್ಯಗಳ ಅಂಗಡಿಯೊಂದಿದೆ, ಅಲ್ಲಿಗೇ ಹೋಗೋಣ ಎಂದು ನಿಶ್ಚಯವಾಯಿತು.

ಸುದ್ದಿ ಸೊಕ್ಕೆಯಲ್ಲಿದ್ದ ಅಪ್ಪನ ಕಿವಿಗೆ ಬಿತ್ತು. ಅಪ್ಪ ಹಲಿಗೆ, ಅಂದರೆ ತಮಟೆ, ಬಾರಿಸುವವನು. ಈಗ ಕುರಿ, ಮೆಕ್ಕೆಜೋಳ ಎಂದುಕೊಂಡಿದ್ದರೂ, ಜಗಳೂರು ಕಡೆ ಆ ಹಲಿಗೆಯ ಪೆಟ್ಟು ಕೇಳಿಯೇ ಬಾರಿಸುತ್ತಿರುವವರು ಯಾರೆಂದು ಹೇಳುವವರಿದ್ದಾರೆ. “ವಾದ್ಯ ತರಾಕೆ ಹೆಣ್ಮಕ್ಳಿಬ್ರೇ ಹೋಗ್ತೀರೇನು?” ಎಂದು ಫೋನಿನಲ್ಲಿ ಗದರಿದವನು, ನಾವು ಚನ್ನಗಿರಿಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ನಮಗಿಂತ ಮೊದಲೇ ಬಂದು ನಿಂತಿದ್ದ.

ಅಂಗಡಿಯವರು ಮೊದಲು ತೆಗೆದದ್ದು ಕೆಂಪು ಗಿಟಾರ್. ಮದುಮಗಳ ಹಾಗೆ ಫಳಫಳ ಹೊಳೆಯುತ್ತಿತ್ತು. ಕತ್ತು ನೋಡಿದೆ, ತಿರುಚಿಕೊಂಡಿತ್ತು. ಬೇಡ ಅಂದೆ. ಎರಡನೆಯದರ ಶ್ರುತಿ ಜಗ್ಗಿದೊಡನೆ ಜಾರಿತು. ಬೇಡ. ಇನ್ನೊಂದನ್ನು ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ಉಸಿರೇ ಇಲ್ಲ. ಅಂಗಡಿಯವರ ಮುಖದ ನಗು ಸಣ್ಣಗಾಗುತ್ತ ಬಂತು.

“ಮೇಡಂ, ಈ ರೇಟಿಗೆ ಇನ್ನೇನ್ ಸಿಗ್ತೈತ್ರಿ?” ಅಂದರು.

“ನೇರವಾದ ಕತ್ತು ಸಿಗ್ತೈತ್ರಿ,” ಅಂದೆ.

ತಂಗಿಗೆ ತಾಳ್ಮೆ ಕೆಟ್ಟಿತು. “ಅಕ್ಕ, ನೀನು ಗಿಟಾರ್ ನೋಡಾಕೆ ಬಂದೀಯೋ, ನನಗೆ ಇನ್ನೊಂದು ಗಂಡು ನೋಡಾಕೆ ಬಂದೀಯೋ?”

ಅಪ್ಪ ಎಷ್ಟು ಜೋರಾಗಿ ನಕ್ಕನೆಂದರೆ ರಸ್ತೆಯಲ್ಲಿ ಹೋಗುವವರು ಇಣುಕಿ ನೋಡಿದರು. ಆ ನಗುವಿನ ನಡುವೆಯೇ ತಂಗಿ ಮೂಲೆಯಲ್ಲಿದ್ದ ಗಿಳಿಹಸಿರು ಬಣ್ಣದ ಒಂದನ್ನು ತಾನೇ ಎತ್ತಿಕೊಂಡಳು. ಯಾರೋ ಕೊಂಡು ವಾಪಸ್ ತಂದುಕೊಟ್ಟಿದ್ದಂತೆ. ಮೊದಲು ಬಣ್ಣ ನೋಡಬಾರದೆಂಬ ನನ್ನ ಪಾಠ ಗಾಳಿಗೆ ಹೋಯಿತು, ಅವಳು ನೋಡಿದ್ದೇ ಬಣ್ಣ. ಸಿಟ್ಟಿನಲ್ಲೇ ಇಸಿದುಕೊಂಡು ಪರೀಕ್ಷೆ ಮಾಡಿದೆ. ಕತ್ತು ನೆಟ್ಟಗಿತ್ತು. ಫ್ರೆಟ್ಟಿನ ತುದಿಗಳು ಚುಚ್ಚುತ್ತಿದ್ದವು, ಗುಂಡಿ ಕರಕರ ಅನ್ನುತ್ತಿತ್ತು, ತಂತಿಗಳು ತುಕ್ಕು ಹಿಡಿದಿದ್ದವು. ಎಲ್ಲವೂ ತಿದ್ದುವಂಥ ತಪ್ಪುಗಳೇ. ಬೈಯಲು ದೊಡ್ಡದೇನೂ ಸಿಗದೆ ನನಗೆ ನಿಜಕ್ಕೂ ನಿರಾಸೆಯಾಯಿತು. ಅಪ್ಪ ಅದರ ಬೆನ್ನ ಮೇಲೆ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, “ಒಳಗೆ ಏನೂ ಇಲ್ಲಲ್ಲವ್ವಾ, ಬರೀ ಗಟ್ಟಿ ಮರ,” ಅಂದ.

“ಇದು ಹಂಗೇ ಇರಾದು ಅಪ್ಪ. ಕರೆಂಟಿನಿಂದ ಮಾತಾಡ್ತೈತೆ,” ಅಂದೆ.

ಅಪ್ಪ ಟವೆಲ್ ಸರಿಮಾಡಿಕೊಂಡು ತಲೆಯಾಡಿಸಿದ. ಒಪ್ಪಿಕೊಂಡನೆಂದು ನಾನು ತಿಳಿದೆ.

ನಂತರದ ಭಾನುವಾರಗಳು ನನ್ನ ಬದುಕಿನ ಸುಖದ ದಿನಗಳು. ನಾನು ಅರ ಹಿಡಿದು ಫ್ರೆಟ್ಟುಗಳನ್ನು ಉಜ್ಜಿದೆ, ಹೊಸ ತಂತಿ ಕಟ್ಟಿದೆ, ಗುಂಡಿ ಬಿಚ್ಚಿ ಧೂಳು ಒರೆಸಿದೆ. ತಂಗಿ ಪಕ್ಕದಲ್ಲೇ ಕೂತು ಉಳಿದ ಬ್ಲೌಸ್ ಬಟ್ಟೆಗಳಿಂದ ಗಿಟಾರಿಗೆ ಚೀಲ ಹೊಲಿದಳು. ಆಮೇಲೆ ಅವಳು ನುಡಿಸುತ್ತಿದ್ದರೆ ನಾನು ತಪ್ಪು ಹುಡುಕುತ್ತಿದ್ದೆ, ಅವಳು ಬೈಯುತ್ತಿದ್ದಳು, ಇಬ್ಬರೂ ಮಂಡಕ್ಕಿ ತಿನ್ನುತ್ತಿದ್ದೆವು.

ಪೂರ್ಣಿಮೆಯ ಸಂಜೆ ಸೊಕ್ಕೆಯಲ್ಲಿ ಬುದ್ಧನ ಪಟಕ್ಕೆ ಹೂವಿನ ಹಾರ ಹಾಕಿ, ಶಾಲೆಯ ಪಕ್ಕದ ಬಯಲಿನಲ್ಲಿ ವೇದಿಕೆ ಕಟ್ಟಿದ್ದರು. ತಂಡದ ಮೂವರು ಹೆಂಗಸರು ಬಿಳಿ ಸೀರೆ ಉಟ್ಟು ತಯಾರಾಗಿದ್ದರು. ತಂಗಿ ಮಾತ್ರ ವೇದಿಕೆಯ ಹಿಂದಿನ ಕಟ್ಟೆಯ ಮೇಲೆ ಮುಖ ಬಿಳುಚಿಕೊಂಡು ಕೂತಿದ್ದಳು. ನಾನು ಶ್ರುತಿ ಮಾಡಿ ಗಿಟಾರನ್ನು ಅವಳ ಪಕ್ಕ ಇಟ್ಟು, ಮೈಕ್‌ಸೆಟ್ಟಿನವರ ಹತ್ತಿರ ವೈರ್ ಕೂಡಿಸಲು ಹೋದೆ. ಗುಂಯ್ ಎನ್ನುವ ಸದ್ದು ನಿಲ್ಲುವವರೆಗೆ ಅವರ ಜೊತೆ ಜಗಳವಾಡಿ ವಾಪಸ್ ಬಂದರೆ ತಂಗಿಯೂ ಇಲ್ಲ, ಗಿಟಾರೂ ಇಲ್ಲ. ತಂಗಿ ನೀರು ಕುಡಿಯಲು ಹೋಗಿದ್ದಳು. ಗಿಟಾರ್ ಎಲ್ಲಿ?

ವೇದಿಕೆಯ ಹಿಂದೆ, ಮೆಕ್ಕೆಜೋಳದ ದಂಟಿನ ಬೆಂಕಿಯ ಮುಂದೆ, ಅಪ್ಪನ ಕೈಯಲ್ಲಿ!

ಹಲಿಗೆ ಬಾರಿಸುವವರು ಮೊದಲು ಅದನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿಯಾದರೆ ದನಿ ಏಳುತ್ತದೆ, ಕಾಯಿಸದ ಹಲಿಗೆ ಒದ್ದೆ ಗೋಣಿಯ ಹಾಗೆ ದಬದಬ ಅನ್ನುತ್ತದೆ. ಅಪ್ಪ ತನ್ನ ಹಲಿಗೆಯನ್ನು ಕಾಯಿಸಿ ಗೋಡೆಗೆ ಒರಗಿಸಿಟ್ಟು, ಆಮೇಲೆ ಮಗಳ ವಾದ್ಯವನ್ನೂ ಹದಕ್ಕೆ ತರಲು ಕೂತಿದ್ದ. ಅದರ ಮುಖ ಯಾವುದು, ಬೆನ್ನು ಯಾವುದು ಎಂಬ ಅನುಮಾನ ಬಂದಿರಬೇಕು, ದೋಸೆ ಮಗುಚಿದ ಹಾಗೆ ಎರಡೂ ಕಡೆ ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದ. ಎಷ್ಟು ಜತನ! ಕಿಡಿ ಹಾರಿದರೆ ಟವೆಲ್ ಅಡ್ಡ ಹಿಡಿಯುತ್ತಿದ್ದ.

“ಅಪ್ಪಾ!” ಎಂದು ನಾನು ಕಿರುಚಿದ್ದು ಮೈಕಿಲ್ಲದೆಯೇ ಇಡೀ ಬಯಲಿಗೆ ಕೇಳಿಸಿತು. “ಅದೇನು ಚರ್ಮ ಅಂತ ತಿಳಿದೀಯೇನು?”

“ಬೆಚ್ಚಗಾಗದೆ ಯಾವ ವಾದ್ಯ ಮಾತಾಡ್ತೈತವ್ವಾ?” ಅಂದ ಅಪ್ಪ. “ಮಗು ಹೆದರಿಕೊಂಡು ಕುಂತೈತೆ. ವಾದ್ಯನಾದ್ರೂ ಜೋರಾಗಿರ್ಲಿ ಅಂತ.”

ಕಿತ್ತುಕೊಂಡು ನೋಡಿದೆ. ಬೆನ್ನಿನ ಬಣ್ಣ ಹೆಬ್ಬೆರಳಿನಷ್ಟು ಅಗಲ ಉಬ್ಬಿತ್ತು. ತಂತಿಗಳು ಕಾದು ಸಡಿಲಾಗಿದ್ದವು, ಮೀಟಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅಪ್ಪ ತಲೆ ತಗ್ಗಿಸಿ ಬೆಂಕಿಯನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ತಂಗಿ ಬಂದಳು. ಇನ್ನು ಇವಳು ಅಳುತ್ತಾಳೆ, ಕಾರ್ಯಕ್ರಮವೂ ಹೋಯಿತು, ತಂಡವೂ ಹೋಯಿತು ಎಂದುಕೊಂಡೆ.

ಅವಳು ಗಿಟಾರ್ ನೋಡಿದಳು, ಬೆಂಕಿ ನೋಡಿದಳು, ಅಪ್ಪನ ಸುಟ್ಟ ಟವೆಲ್ ನೋಡಿದಳು. “ಕಾಯಿಸಿದೇನಪ್ಪಾ?” ಅಂದವಳೇ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಟ್ಟೆಗೆ ಒರಗಿ, ಬಿಳಿ ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ತಂಡದ ಹೆಂಗಸರು ಓಡಿಬಂದು, ವಿಷಯ ತಿಳಿದು, ಅವರೂ ನಗಲು ಹತ್ತಿದರು. ನಾನು ಮಾತ್ರ ಮುಖ ಗಂಟು ಹಾಕಿಕೊಂಡು ಕತ್ತನ್ನು ಕಣ್ಣಿನ ನೇರಕ್ಕೆ ಹಿಡಿದೆ. ನೆಟ್ಟಗೇ ಇತ್ತು. ಫ್ರೆಟ್ಟುಗಳೂ ಅಲ್ಲಾಡಿರಲಿಲ್ಲ.

“ತಣ್ಣಗಾಗಬೇಕು,” ಅಂದೆ. “ಈಗ ಶ್ರುತಿ ಮಾಡಿದ್ರೆ ನಿಲ್ಲಲ್ಲ.”

ಅಲ್ಲಿ ಜನ ಆಗಲೇ ಸೀಟಿ ಹೊಡೆಯುತ್ತಿದ್ದರು. ತಂಗಿ ಒಂದು ಗಳಿಗೆ ಯೋಚಿಸಿ, ಗೋಡೆಗೆ ಒರಗಿದ್ದ ಹಲಿಗೆಯನ್ನು ತಂದು ಅಪ್ಪನ ಕೈಗಿಟ್ಟಳು. “ಇದು ಬಿಸಿ ಐತಲ್ಲ, ಬಾ ಮತ್ತೆ. ಅದು ತಣ್ಣಗಾಗೋವರೆಗೂ ನೀನು ಬಾರಿಸು, ನಾವು ಹಾಡ್ತೀವಿ.”

ಅಪ್ಪ ನನ್ನ ಮುಖ ನೋಡಿದ. ನಾನು ಎತ್ತಲೋ ನೋಡಿದೆ. ಅವನು ವೇದಿಕೆ ಹತ್ತಿದ.

ಆ ಪೆಟ್ಟು ಬಿದ್ದೊಡನೆ ಬಯಲಿನ ಗದ್ದಲ ಅಡಗಿತು. ನಾಲ್ವರೂ ಹಲಿಗೆಯ ಬೆನ್ನು ಹಿಡಿದು ಹಾಡಿದರು. ತಂಗಿಯ ಕೈಯಲ್ಲಿ ಏನೂ ಇರಲಿಲ್ಲ, ಹಾಗಾಗಿ ಬೆವರುವುದಕ್ಕೂ ಏನೂ ಇರಲಿಲ್ಲವೋ ಏನೋ, ಎದೆ ತೆರೆದು ಹಾಡಿದಳು. ನಾನು ಕೆಳಗೆ ಕೂತು ಗಿಟಾರಿಗೆ ಊದುತ್ತ, ಬೀಸಣಿಗೆಯಿಂದ ಗಾಳಿ ಹಾಕುತ್ತ, ಬಿರಡೆ ತಿರುಗಿಸುತ್ತ ಶ್ರುತಿ ಹಿಡಿದೆ. ಶ್ರುತಿ ನಿಂತಿತೆಂದು ಖಾತ್ರಿಯಾದ ಮೇಲೆ ವೈರ್ ಸಿಕ್ಕಿಸಿ ಮೇಲಕ್ಕೆ ಚಾಚಿದೆ.

ತಂಗಿ ಹಾಡು ನಿಲ್ಲಿಸದೆಯೇ ಬಾಗಿ ಅದನ್ನು ಇಸಿದುಕೊಂಡು ಕೊರಳಿಗೆ ಹಾಕಿಕೊಂಡಳು. ಮೊದಲನೆಯ ಮೀಟು ತಪ್ಪಿತು. ಅಪ್ಪ ಹಲಿಗೆಯ ಮೇಲೆ ಅದೇ ಪೆಟ್ಟನ್ನು ಇನ್ನೊಂದು ಸುತ್ತು ತಿರುಗಿಸಿ ಅವಳಿಗಾಗಿ ಕಾದ. ಎರಡನೆಯ ಸಲ ಅವಳು ಸರಿಯಾಗಿ ಬಂದು ಕೂಡಿಕೊಂಡಳು. ಹಲಿಗೆಯೂ ಗಿಟಾರೂ ಒಟ್ಟಿಗೆ ಎದ್ದಾಗ ಜನ ಹೋ ಎಂದರು, ಮುಂದೆ ಕೂತಿದ್ದ ಮುದುಕಿಯರು ಕೂತಲ್ಲೇ ಭುಜ ಕುಣಿಸಿದರು. ಅಂದು ಗಿಟಾರಿನ ದನಿ ಹೇಗಿತ್ತು, ಯಾವ ತಂತಿ ಇಳಿದಿತ್ತು ಎಂದು ಕೇಳಿದರೆ ನನಗೆ ನೆನಪಿಲ್ಲ. ನಾನು ಸಂತೋಷದಿಂದ ಅಳುತ್ತಿದ್ದೆ, ಅದಷ್ಟೇ ನೆನಪು.

ಎಲ್ಲ ಮುಗಿದು ವೈರ್ ಸುತ್ತಿಡುವಾಗ ಸಾಸ್ವೆಹಳ್ಳಿಯಿಂದ ನೆಂಟರ ಮನೆಗೆ ಬಂದಿದ್ದ ಒಬ್ಬರು ನಮ್ಮ ಹತ್ತಿರ ಬಂದರು.

“ಮುಂದಿನ ತಿಂಗಳು ಮಗಳ ಮದುವೆ ಐತ್ರಿ. ನಮ್ಮೂರಿಗೆ ಬರ್ತೀರೇನು? ಆದ್ರೆ ಹಲಿಗೆ, ಗಿಟಾರ್ ಎರಡೂ ಇರಬೇಕು ನೋಡ್ರಿ.”

ನಾನು ಉತ್ತರ ಕೊಡಲು ಬಾಯಿ ತೆರೆದೆ. ತಂಗಿ ಅಷ್ಟರಲ್ಲಿ “ಬರ್ತೀವ್ರಿ” ಅಂದಾಗಿತ್ತು. ಆಮೇಲೆ ಅಪ್ಪನ ಕಡೆ ತಿರುಗಿದಳು. “ಬರ್ತೀಯಲ್ಲಪ್ಪಾ?”

ಅಪ್ಪ ಸುಟ್ಟ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಮುಖವೆಲ್ಲ ಅರಳಿತು.

“ಬರದೇ ಏನವ್ವಾ! ನೀವು ಹಾಡೋದರ ಕಡೆ ಗಮನ ಇಡ್ರಿ. ಗಿಟಾರ್ ನಾನು ನೋಡ್ಕಳ್ತೀನಿ.”

“ಬ್ಯಾಡ!” ಎಂದು ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಕೂಗಿದೆವು.