ಮುದ್ದೆ ಅಗಿಯುವ ಮನೆ

ನಾನು ಹಾವೇರಿ ಕಡೆಯವಳು, ರೊಟ್ಟಿ ತಿಂದು ಬೆಳೆದವಳು. ಮದುವೆಯಾಗಿ ಹೊನ್ನವಳ್ಳಿ ಪಕ್ಕದ ಈ ತೋಟದ ಮನೆಗೆ ಬಂದ ದಿನ ರಾಗಿಮುದ್ದೆ ಬಡಿಸಿದರು. ಮುರಿದೆ, ಸಾರಿನಲ್ಲಿ ಅದ್ದಿದೆ, ಬಾಯಿಗಿಟ್ಟುಕೊಂಡು ಅಗಿದೆ. ಪಂಕ್ತಿಯಲ್ಲಿ ಕೂತವರೆಲ್ಲ ಊಟ ನಿಲ್ಲಿಸಿ ನನ್ನ ದವಡೆ ನೋಡಿದರು.

“ಅಯ್ಯೋ, ಅಗೀತಾವ್ಳೆ ಕಣ್ರೀ!” ಎಂದು ಅತ್ತೆ ಮಾವನ ಕಡೆ ತಿರುಗಿದರು. ಹೊಸ ಸೊಸೆ ಗೋಡೆ ಹತ್ತುತ್ತಿದ್ದಾಳೆ ಎನ್ನುವಂಥ ದನಿ.

ಮಾವ ಸಮಾಧಾನವಾಗಿಯೇ ಹೇಳಿದರು: “ಮುದ್ದೆ ನುಂಗ್ಬೇಕು ಕಣಮ್ಮ. ಅಗಿಯೋದು ದನ.”

ನುಂಗಲು ನೋಡಿದೆ. ತುತ್ತು ಗಂಟಲಲ್ಲಿ ನಿಂತು, ಕಣ್ಣಲ್ಲಿ ನೀರು ಬಂದು, ಗಂಡ ಬೆನ್ನಿಗೆ ಗುದ್ದಬೇಕಾಯಿತು. ಆಮೇಲೆ ನನ್ನನ್ನು ನನ್ನ ಪಾಡಿಗೆ ಬಿಟ್ಟರು. ಬಿಟ್ಟರು ಅಂದರೆ, ಬಂದ ನೆಂಟರಿಗೆ ತೆಂಗಿನ ತೋಟ, ಬೋರ್‌ವೆಲ್ ತೋರಿಸಿದ ಮೇಲೆ ನಾನು ಊಟ ಮಾಡುವುದನ್ನೂ ತೋರಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಇನ್ನೂ ಜೋರಾಗಿ ಅಗಿಯುತ್ತಿದ್ದೆ.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದವು, ಗಂಟಲು ಪೂರ್ತಿ ಸುಧಾರಿಸಲಿಲ್ಲ. ಏನೇ ತಿಂದರೂ ಚಿಕ್ಕ ತುತ್ತು, ನುಣ್ಣಗೆ ಅಗಿಯಲೇಬೇಕು, ಇಡಿಯಾಗಿ ನುಂಗಿದರೆ ಉಸಿರು ಕಟ್ಟುತ್ತದೆ ಎಂದು ತಿಪಟೂರಿನ ಡಾಕ್ಟರು ಹೇಳಿ ಕಳಿಸಿದರು. ಮಾವನ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು. ಅವಕ್ಕೆ ಮುದ್ದೆಯ ಪರಿಚಯವಿರಲಿಲ್ಲ, ಅಷ್ಟೆ.

ಗಂಜಿ ಕೊಟ್ಟರೆ ಕಾಯಿಲೆಯವರ ಊಟ ಎಂದು ಮುಟ್ಟಲಿಲ್ಲ. ನಮ್ಮ ಜೊತೆ ಕೂರುವುದನ್ನೂ ಬಿಟ್ಟರು. “ಹಿತ್ಲಲ್ಲಿ ಗಾಳಿ ಚೆನ್ನಾಗೈತೆ” ಎಂದು ತಟ್ಟೆ ಹಿಡಿದು ಹೋಗುವರು, ಖಾಲಿ ತಟ್ಟೆ ತರುವರು. ಬರಬರುತ್ತ ಮಾವ ಸೊರಗಿದರು, ಹಿತ್ತಲಲ್ಲಿ ಕಟ್ಟಿದ್ದ ಹಸು ಮೈತುಂಬಿಕೊಂಡಿತು. ಒಂದು ಮಧ್ಯಾಹ್ನ ಹಿಂದೆಯೇ ಹೋಗಿ ನೋಡಿದರೆ, ತೆಂಗಿನ ಮಟ್ಟೆ ರಾಶಿಯ ಮರೆಯಲ್ಲಿ ನಿಂತು ಮುದ್ದೆಯನ್ನು ಹಸುವಿನ ಬಾಯಿಗಿಡುತ್ತಿದ್ದಾರೆ. ಹಸು ಆರಾಮಾಗಿ ಅಗಿಯುತ್ತಿತ್ತು. ಅದನ್ನು ಯಾರೂ ಏನೂ ಅನ್ನುವವರಿರಲಿಲ್ಲ.

“ಎಲ್ಲಾರ್ ಮುಂದೆ ಎಂಗಮ್ಮ ಅಗೀಲಿ?” ಎಂದರು ಮಾವ.

ಮಾವ ನಾಚಿಕೆಗೆ ಹಸಿದು ಸಾಯಲು ತಯಾರಾಗಿದ್ದರು. ನನಗೆ ಅಳು ಬಂತು. ಒಳಗೆ ಹೋಗಿ ಒಂದು ಬಿಸಿ ಮುದ್ದೆ ತಂದು ಅವರ ತಟ್ಟೆಗಿಟ್ಟು, ನನ್ನ ತಟ್ಟೆ ಹಿಡಿದು ಪಕ್ಕದ ಕಲ್ಲಿನ ಮೇಲೆ ಕೂತು, ಸದ್ದಾಗುವಂತೆ ಅಗಿಯತೊಡಗಿದೆ. ಅವರು ಸ್ವಲ್ಪ ಹೊತ್ತು ಹಸುವನ್ನೂ ನನ್ನನ್ನೂ ನೋಡಿದರು. ಆಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಬಹಳ ಹೊತ್ತು ಅಗಿದರು.

“ರಾಗಿ ಸೀ ಇರ್ತೈತೇನಮ್ಮ?” ಎಂದು ಕೇಳಿದರು.

ಮಾರನೆಯ ದಿನ ನನ್ನ ಗಂಡನೂ ತಟ್ಟೆ ತಂದ. ಕೊನೆಗೆ ಅತ್ತೆ, “ನಾನೊಬ್ಳೇ ಒಳಗ್ ಕೂತು ಯಾರ್ಗೆ ನುಂಗಿ ತೋರ್ಸ್ಲಿ” ಎಂದು ಗೊಣಗುತ್ತ ಬಂದರು. ಮಟ್ಟೆ ರಾಶಿಯ ಹತ್ತಿರ ಜಾಗ ಸಾಲದೆ ಎಲ್ಲರೂ ಮತ್ತೆ ಒಳಗೆ ಪಂಕ್ತಿಗೆ ಕೂತೆವು, ಎಲ್ಲರೂ ಅಗಿಯುತ್ತ. ಮಾವ ಮೊದಲಿನಂತಾದರು. ಈಗ ಊಟಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಮೊನ್ನೆ ಮೈದುನನ ಮದುವೆಯಾಯಿತು. ಹುಡುಗಿ ತುರುವೇಕೆರೆಯವಳು. ಮೊದಲ ಊಟಕ್ಕೆ ಕೂತು, ತವರಿನಲ್ಲಿ ಕಲಿತಂತೆ ತುತ್ತನ್ನು ಸಾರಿನಲ್ಲಿ ಚೆಂದವಾಗಿ ಹೊರಳಿಸಿ, ಗುಳಕ್ಕನೆ ನುಂಗಿದಳು. ಪಂಕ್ತಿಯಲ್ಲಿ ದವಡೆಗಳೆಲ್ಲ ನಿಂತವು.

“ನುಂಗ್ಬಾರ್ದು ಕಣಮ್ಮ. ನಮ್ಮನೇಲಿ ಯಾರೂ ನುಂಗಲ್ಲ,” ಎಂದರು ಅತ್ತೆ.

“ನುಂಗೋದು ಹಾವು,” ಎಂದರು ಮಾವ, ಸಮಾಧಾನವಾಗಿ.

ಹುಡುಗಿ ಕೈಯನ್ನು ತಟ್ಟೆಯಲ್ಲೇ ಬಿಟ್ಟು ತಲೆ ತಗ್ಗಿಸಿದಳು. ಆ ತಗ್ಗಿಸಿದ ತಲೆ ನನಗೆ ಗೊತ್ತಿತ್ತು. ನಾನು ದೊಡ್ಡದಾಗಿಯೇ ಒಂದು ತುತ್ತು ಮುರಿದೆ, ಅವಳಂತೆಯೇ ಹೊರಳಿಸಿದೆ, ನುಂಗಿದೆ. ಅದು ಹಿಂದೆ ನಿಂತ ಜಾಗದಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ಗಂಡ ಏಳುವಷ್ಟರಲ್ಲಿ, ಎಡಗೈಯಿಂದ ನನ್ನ ಬೆನ್ನಿಗೆ ಬಲವಾಗಿ ಗುದ್ದಿದವಳು ಆ ಹುಡುಗಿ.