ಕಸ ಹುಡುಕಿಕೊಂಡು ಹೋದ ನಾವು

ಹೊಸ ಟೋಪಿಗೆ ಒಂದು ವಾಸನೆ ಇರುತ್ತದೆ. ಅರ್ಧ ಬಣ್ಣದ್ದು, ಅರ್ಧ ಪ್ಲಾಸ್ಟಿಕ್ ಚೀಲದ್ದು. ಈಚೆಗೆ ಒಂದು ದಿನ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕದ ಧೂಳು ಒರೆಸುತ್ತ ಕೂತಿದ್ದೆ. ಬಳ್ಳಾರಿಯ ಧೂಳು ನಿಮಗೆ ಗೊತ್ತಲ್ಲ, ಬೆಳಿಗ್ಗೆ ಒರೆಸಿದ್ದನ್ನು ಮಧ್ಯಾಹ್ನ ಮುಟ್ಟಿದರೆ ಬೆರಳು ಕೆಂಪಾಗುತ್ತದೆ. ಆಗ ರಾಷ್ಟ್ರೀಯ ಸೇವಾ ಯೋಜನೆಯ ಹೊಸ ಅಧಿಕಾರಿ, ಇನ್ನೂ ಮೀಸೆ ಸರಿಯಾಗಿ ಮೂಡದ ತರುಣ ಮೇಷ್ಟ್ರು, ಟೋಪಿಗಳ ಕಟ್ಟೊಂದನ್ನು ನನ್ನ ಮೇಜಿನ ಮೇಲೆ ಇಳಿಸಿದರು.

"ಮೇಡಂ, ಈ ಸಲ ಶಿಬಿರ ಕುರುಗೋಡಿಗೆ. ಲೇಡಿ ಸ್ಟಾಫ್ ಅಂತ ನಿಮ್ಮ ಹೆಸರು ಹಾಕೀನ್ರಿ."

ಕೇಳಿದ್ದಲ್ಲ, ತಿಳಿಸಿದ್ದು. ಹೆಣ್ಣುಮಕ್ಕಳು ಶಿಬಿರಕ್ಕೆ ಹೊರಟರೆ ಜೊತೆಗೊಬ್ಬ ಹೆಂಗಸು ಇರಬೇಕೆಂದು ನಿಯಮ. ಪಾಠ ಮಾಡುವ ಮೇಡಂಗಳಿಗೆ ಅದೇ ವಾರ ಮಕ್ಕಳ ಪರೀಕ್ಷೆ, ಅತ್ತೆಯ ಮೊಣಕಾಲು, ತಂಗಿಯ ಮನೆಯ ಗೃಹಪ್ರವೇಶ ಎಲ್ಲವೂ ಒಟ್ಟಿಗೆ ಬರುತ್ತವೆ. ಗ್ರಂಥಪಾಲಕಿಗೆ ಮೊಣಕಾಲಿರುವ ಅತ್ತೆ ಇರುವುದಿಲ್ಲವೆಂದು ಕಾಲೇಜಿನ ನಂಬಿಕೆ.

ಟೋಪಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ಗುರುರಾಜ ಸರ್ ನೆನಪಾದರು. ವಾಣಿಜ್ಯಶಾಸ್ತ್ರದ ಅಧ್ಯಾಪಕರು, ಈಗ ನಿವೃತ್ತರು. ಇಸ್ತ್ರಿ ಮಾಡಿದ ಕರ್ಚೀಫಿನಿಂದ ಕುರ್ಚಿ ಒರೆಸಿಯೇ ಕೂಡುವ ಶುದ್ಧ ಮನುಷ್ಯ. ಹಲವು ವರ್ಷ ಅವರೇ ಸೇವಾ ಯೋಜನೆಯ ಅಧಿಕಾರಿ. ಅವರ ಕಾಲದಲ್ಲಿ ಶನಿವಾರ ಬಂತೆಂದರೆ ಕ್ಯಾಂಪಸ್ಸಿನಲ್ಲಿ ಸ್ವಚ್ಛತೆ. ನೀವೂ ಎಲ್ಲಾದರೂ ನೋಡಿರುತ್ತೀರಿ. ಬೆಳಗಿನ ಆರಕ್ಕೇ ಕಸ ಗುಡಿಸುವ ಹುಲಿಗೆಮ್ಮ ಅಂಗಳವನ್ನೆಲ್ಲ ಗುಡಿಸಿ ಚಹಾಕ್ಕೆ ಹೋಗಿರುತ್ತಾಳೆ. ಆಮೇಲೆ ಸ್ವಯಂಸೇವಕರು ಕೈಗವಸು ಹಾಕಿಕೊಂಡು ಬಂದು ಅದನ್ನೇ ಗುಡಿಸುತ್ತಾರೆ. ಗುಡಿಸಲು ಏನೂ ಸಿಗದಿದ್ದರೆ ಹುಡುಗರು ಬೇವಿನ ಮರ ಹತ್ತಿ ಕೊಂಬೆ ಅಲ್ಲಾಡಿಸುತ್ತಾರೆ. ಉದುರಿದ ಎಲೆಯ ಸುತ್ತ ಎಲ್ಲರೂ ಪೊರಕೆ ಹಿಡಿದು ನಿಂತರೆ ಫೋಟೋ. ಮೆಟ್ಟಿಲ ಕೆಳಗೆ ಗುಟ್ಕಾ ಉಗಿಯುವ ಮೂಲೆಯೊಂದಿದೆ. ಅದು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ. ಆದ್ದರಿಂದ ಅದು ನಮ್ಮ ಕ್ಯಾಂಪಸ್ಸಿನಲ್ಲಿ ಇಲ್ಲ.

ಒಂದು ವರ್ಷ ಅವರ ಜೊತೆ ಶಿಬಿರಕ್ಕೆಂದು ಸಿರುಗುಪ್ಪ ತಾಲೂಕಿನಲ್ಲಿ, ಹಚ್ಚೊಳ್ಳಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಸುತ್ತ ಕಾಲುವೆ, ಕಾಲುವೆಯ ಸುತ್ತ ನೆಲ್ಲು. ವಾಸ್ತವ್ಯ ಊರ ಸಾಲೆಯಲ್ಲಿ. ಮೊದಲ ದಿನವೇ ಸರ್‌ಗೆ ಸಂಕಟ ಶುರುವಾಯಿತು. ಊರು ಸ್ವಚ್ಛವಾಗಿತ್ತು! ನಮ್ಮ ಹುಡುಗರು ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ಪ್ರತಿ ಮನೆಯ ಮುಂದೆ ನೀರು ಚಿಮುಕಿಸಿ, ಸಾರಿಸಿ, ರಂಗೋಲಿ ಬಿದ್ದಾಗಿತ್ತು. ಸ್ವಚ್ಛತೆಯ ಅರಿವು ಮೂಡಿಸಲು ಬಸ್ಸು ಮಾಡಿಕೊಂಡು ಬಂದವರಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ವಿಶ್ವವಿದ್ಯಾಲಯಕ್ಕೆ 'ಮೊದಲು' ಮತ್ತು 'ನಂತರ' ಎಂದು ಎರಡು ಫೋಟೋ ಕಳಿಸಬೇಕು. 'ನಂತರ' ಕಣ್ಣೆದುರೇ ಇತ್ತು. 'ಮೊದಲು' ಎಲ್ಲಿಂದ ತರುವುದು?

ಅದು ಈರಮ್ಮ ಎಂಬಾಕೆಯ ಮನೆಯ ಗೋಡೆಯಲ್ಲಿ ಸಿಕ್ಕಿತು. ರಸ್ತೆಗೆ ಮುಖಮಾಡಿದ ಉದ್ದನೆಯ ಗೋಡೆ, ದಿನವಿಡೀ ಬಿಸಿಲು. ಗೋಡೆಯ ತುಂಬ ಸಗಣಿಯ ಕುಳ್ಳು, ಅಂದರೆ ಬೆರಣಿ, ಒಂದೊಂದರ ಮೇಲೂ ಐದು ಬೆರಳಿನ ಗುರುತು. ಪಕ್ಕದಲ್ಲಿ ಎದೆಯೆತ್ತರಕ್ಕೆ ಒಟ್ಟಿಟ್ಟ ಒಣ ಕುಳ್ಳಿನ ರಾಶಿ. ಮನೆಗೆ ಬೀಗ. ಸರ್ ಕಣ್ಣಿಗೆ ಅದು ಪೂರಾ ಅನೈರ್ಮಲ್ಯವಾಗಿ ಕಂಡಿತು.

ಕುಳ್ಳು ಎಂದರೇನೆಂದು ತಿಳಿದವರು ಶಿಬಿರದಲ್ಲಿ ಇರಲಿಲ್ಲವೆಂದಲ್ಲ. ನಾನಿದ್ದೆ, ಕುರುಗೋಡಿನಿಂದ ಬರುತ್ತಿದ್ದ ರತ್ನ ಎಂಬ ಹುಡುಗಿ ಇದ್ದಳು. ಆದರೆ ಹೆಂಗಸರಾದ ನಾವು ಆಗ ಸಾಲೆಯ ಹಿಂದೆ ಎಲ್ಲರಿಗೂ ಉಪ್ಪಿಟ್ಟು ಕೆದಕುತ್ತಿದ್ದೆವು. ಮಹಿಳಾ ಸಬಲೀಕರಣದ ಉಪನ್ಯಾಸ ಮಧ್ಯಾಹ್ನಕ್ಕಿತ್ತು. ಇನ್ನು ಹುಡುಗರಲ್ಲಿ ಹಳ್ಳಿಯವರೂ ಇದ್ದರು. ಆದರೆ ಸರ್ ಕಸವೆಂದ ಮೇಲೆ ಅದು ಕಸ. ಇಂಟರ್ನಲ್ ಅಂಕ ಸರ್ ಕೈಯಲ್ಲಿ.

ಹೀಗಾಗಿ ಉಪ್ಪಿಟ್ಟು ಇಳಿಯುವುದರೊಳಗೆ ಗೋಡೆಯನ್ನು ಸಲಿಕೆಯಿಂದ ಕೆರೆದಾಗಿತ್ತು. ಒಣ ರಾಶಿ ಪಂಚಾಯಿತಿಯ ಟ್ರ್ಯಾಕ್ಟರ್ ಏರಿ, ಕಾಲುವೆ ನೀರು ಬಸಿದು ನಿಲ್ಲುವ ತಗ್ಗಿಗೆ ಬಿದ್ದಾಗಿತ್ತು. ಸಂಜೆಯ ಹೊತ್ತಿಗೆ ಗೋಡೆಗೆ ಬಿಳಿ ಸುಣ್ಣ, ಸುಣ್ಣದ ಮೇಲೆ ನೀಲಿ ಅಕ್ಷರ: 'ಸ್ವಚ್ಛ ಬೀದಿ, ಸ್ವಸ್ಥ ತಾಯಿ-ಮಗು'. ಸರ್ ಎರಡು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿಕೊಂಡು, ಮಗಳನ್ನು ಹಸೆಮಣೆ ಏರಿಸಿದವರ ಹಾಗೆ ಅದನ್ನು ನೋಡುತ್ತ ನಿಂತಿದ್ದರು.

ಅಷ್ಟರಲ್ಲಿ ಸಿರುಗುಪ್ಪದ ಬಸ್ಸು ಬಂತು. ಈರಮ್ಮ ಇಳಿದಳು. ಬುತ್ತಿಯ ಚೀಲ ಕಂಕುಳಲ್ಲಿ. ತನ್ನ ಮನೆಯ ಮುಂದೆ ನಿಂತು, ಹೌದೋ ಅಲ್ಲವೋ ಎಂದು ಪಕ್ಕದ ಮನೆ ನೋಡಿ ಖಾತ್ರಿ ಮಾಡಿಕೊಂಡಳು.

"ನನ್ನ ಕುಳ್ಳು ಎಲ್ಲಿ ಹೋದ್ವು?"

"ಅಮ್ಮಾ, ಕಸ ಎಲ್ಲಾ ತಗದು ಬಣ್ಣ ಹಚ್ಚೇವ್ರಿ. ಈಗ ನೋಡ್ರಿ, ಎಷ್ಟ್ ಛಂದ ಕಾಣಸ್ತದ," ಎಂದರು ಸರ್.

"ಯಾವ ಕಸಪ್ಪಾ?"

"ಅದೇ... ಸಗಣಿ."

"ಕಸ ಅಲ್ಲೋ ಯಪ್ಪಾ, ಕುಳ್ಳು! ಬ್ಯಾಸಗಿ ಪೂರ್ತಿ ಬಡದು ಒಣಗಿಸಿ ಒಟ್ಟಿದ್ದೆ. ಸಿರುಗುಪ್ಪ ಆಸ್ಪತ್ರ್ಯಾಗ ನನ್ನ ಮಗಳು ಹಡದಾಳ. ನಾಳಿ ಮುಂಜಾನಿ ಹಸಿ ಬಾಣಂತಿ ಕೂಸು ಎತಗೊಂಡು ಬರ್ತಾಳ. ಆಕಿಗಿ ನೀರ್ ಕಾಸಾಕ ನಿನ್ನ ಬಣ್ಣ ಒಲಿಗಿ ಹಾಕ್ಲೇನು?"

"ಮನ್ಯಾಗ ಗ್ಯಾಸ್ ಇಲ್ಲೇನ್ರಿ?"

"ಐತಿ. ಅನ್ನಕ್ಕ ಐತಿ. ಅದರ ಮ್ಯಾಲ ಹಂಡೇವು ಕುಂದರತೈತೇನು? ಬಾಣಂತಿ ಹೊರಸಿನ ಕೆಳಗ ಕೆಂಡ ಇಡಬೇಕು, ಸಿಲಿಂಡರ್ ಇಡ್ಲೇನು?"

ಹುಡುಗರು ನಕ್ಕರು. ಈರಮ್ಮ ನಗಲಿಲ್ಲ. ಗೋಡೆಯ ಅಕ್ಷರ ತೋರಿಸಿ, "ಏನ್ ಬರದಾರವ್ವಾ?" ಎಂದು ರತ್ನಳನ್ನು ಕೇಳಿದಳು. ರತ್ನ ಓದಿ ಹೇಳಿ ತಲೆ ತಗ್ಗಿಸಿದಳು. ಈರಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಮದಲಿನ ಕೂಸು ಉಳೀಲಿಲ್ಲ ಸಾರೂ. ಅದಕ್ಕ ಈ ಸಲ ಯಾವುದೂ ಕಮ್ಮಿ ಬೀಳಬಾರದು ಅಂತ ಎಲ್ಲಾ ಮದಲ ಜೋಡಿಸಿ ಇಟ್ಟಿದ್ದೆ."

ಬೈದಿದ್ದರೆ ಸರ್ ತಡೆದುಕೊಳ್ಳುತ್ತಿದ್ದರು. ಪ್ರಾಂಶುಪಾಲರಿಂದ ಬೈಸಿಕೊಂಡು ಅವರಿಗೆ ರೂಢಿಯಿತ್ತು. ಇದಕ್ಕೆ ರೂಢಿ ಇರಲಿಲ್ಲ. ಹುಡುಗರನ್ನು ಕರೆದುಕೊಂಡು ತಗ್ಗಿನ ಕಡೆ ಓಡಿದರು. ಸಗಣಿಯಿಂದ ಆದದ್ದು ಅಷ್ಟರಲ್ಲಿ ಸಗಣಿಗೇ ಮರಳಿತ್ತು. ಮೊಣಕಾಲಿನ ತನಕ ಅದನ್ನೇ ಮೆತ್ತಿಕೊಂಡು ಬರಿಗೈಯಲ್ಲಿ ಬಂದರು. ಕಟ್ಟಿಗೆಯನ್ನಾದರೂ ತರೋಣವೆಂದರೆ ಆ ಸೀಮೆಯಲ್ಲಿ ಎಲ್ಲಿ ನೋಡಿದರೂ ಗದ್ದೆ, ಕಾಲುವೆಯ ಏರಿಯ ಮೇಲಿನ ಜಾಲಿ ಹಸಿ ಹಸಿ.

ರತ್ನ ಮೆಲ್ಲಗೆ, "ಸರ್, ಊರಾಗ ಬೇಡೂಣ್ರಿ," ಎಂದಳು.

"ಬೇಡೂದಾ?"

"ಹೂಂ ಸರ್. ನಮ್ಮ ಕುರುಗೋಡಾಗ ಬಾಣಂತಿ ಒಲಿಗಿ ಅಂದ್ರ ಯಾರೂ ಇಲ್ಲ ಅನ್ನಂಗಿಲ್ರಿ. ಇಲ್ಲೂ ಅನ್ನಂಗಿಲ್ಲ."

ಹೀಗೆ ನಮ್ಮ ಜಾಥಾ ಎರಡನೆಯ ಸಲ ಹೊರಟಿತು. ಬೆಳಿಗ್ಗೆ ಫಲಕ ಹಿಡಿದು ಘೋಷಣೆ ಕೂಗಿದ ಅದೇ ಬೀದಿ, ಈಗ ಕೈಯಲ್ಲಿ ಪುಟ್ಟಿ. ಮೊದಲ ಮನೆಯಾಕೆ ಬಾಗಿಲಿಗೆ ಒರಗಿ ನಿಂತು ನಮ್ಮನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಮುಂಜಾನಿ ಬಂದು ಕಸ ಇಡಬ್ಯಾಡ್ರಿ ಅಂದ್ರಿ. ಸಂಜಿಗಿ ಬಂದು ಕಸ ಕೊಡ್ರಿ ಅಂತೀರಿ. ಒಂದ್ ಮಾತು ಅಂತ ಇರಬಾರದೇನ್ರಿ ಸಾರೂ ನಿಮಗ?"

ಅಂದಳು, ಅಂದು ಒಳಗೆ ಹೋಗಿ ಪುಟ್ಟಿಯ ತುಂಬ ತಂದು ಸುರಿದಳು. ಮುಂದಿನ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದವನೊಬ್ಬ ಮೊಬೈಲ್ ತೆಗೆದ. "ಏ ಸಾರೂ, ನಿಂದರ್ರಿ, ನಿಂದರ್ರಿ. ಮುಂಜಾನಿ ನಮ್ಮದು ಹೊಡಕೊಂಡ್ರಲ್ಲ, ಈಗ ನಿಮ್ಮದೊಂದು ಫೋಟೋ ಆಗ್ಲಿ. ಲೇ ತಮ್ಮಾ, ಪುಟ್ಟಿ ಸ್ವಲ್ಪ ಮ್ಯಾಲೆತ್ತು, ಸಾರ್ ಮಾರಿ ಕಾಣವಲ್ದು!" ಸರ್ ನಿಂತರು. ಫೋಟೋಕ್ಕೆ ನಿಲ್ಲುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಇನ್ನೊಂದು ಮನೆಯ ಮುದುಕಿ ಬೈಯುತ್ತಲೇ ಮೇಲಿನ ಕುಳ್ಳು ಸರಿಸಿ ತಳದಿಂದ ಆರಿಸಿ ಆರಿಸಿ ಕೊಟ್ಟಳು: "ಮ್ಯಾಲಿನವು ತಂಪು ಹಿಡದಾವವ್ವಾ, ಕೂಸಿನ ಕಣ್ಣಿಗಿ ಹೊಗಿ ಆಗತೈತಿ." ಇಲ್ಲವೆಂದವರು ಒಬ್ಬರೂ ಇಲ್ಲ. ಬೈಯದೆ ಕೊಟ್ಟವರೂ ಒಬ್ಬರಿಲ್ಲ.

ಗುರುರಾಜ ಸರ್ ಶಿಬಿರದ ಟೋಪಿಯನ್ನು ಮಡಚಿ ಸಿಂಬೆ ಮಾಡಿಕೊಂಡು, ಅದರ ಮೇಲೆ ಪುಟ್ಟಿ ಹೊತ್ತು ಈರಮ್ಮನ ಬಚ್ಚಲ ತನಕ ನಡೆದರು. ನಾನು ಕಂಡಂತೆ ಸೇವಾ ಯೋಜನೆಯ ಟೋಪಿ ಸೇವೆಗೆ ಬಿದ್ದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಆಟೋ ಬಂದಾಗ ಹಂಡೆಯಲ್ಲಿ ನೀರು ಮರಳುತ್ತಿತ್ತು. ಬಾಣಂತಿ ಕಿವಿಗೆ ಅರಿವೆ ಕಟ್ಟಿಕೊಂಡು, ಕೂಸನ್ನು ಎದೆಗೊತ್ತಿಕೊಂಡು ಮೆಲ್ಲಗೆ ಇಳಿದು ಒಳಗೆ ಹೋದಳು. ಬಚ್ಚಲಿನಿಂದ ಚೊಂಬಿನ ನೀರು ಬೀಳುವ ಸದ್ದು ಬರತೊಡಗಿದ ಮೇಲೆ ಸರ್ ರಸ್ತೆಯಾಚೆಯ ಕಟ್ಟೆಯಿಂದ ಎದ್ದರು. ಅಲ್ಲಿಯ ತನಕ ಚಹಾ ಕೊಟ್ಟರೂ ಕುಡಿದಿರಲಿಲ್ಲ.

ಆದರೆ ಬೇಡಿ ತಂದದ್ದು ಎಷ್ಟು ದಿನಕ್ಕೆ ಬಂದೀತು? ಕೂಸಿಗೆ ತಿಂಗಳು ತುಂಬುವ ತನಕವಾದರೂ ಒಲೆ ಆರಬಾರದು. ಹೊಸದಾಗಿ ಬಡಿಯಬೇಕು, ಬಡಿಯಲು ಬಿಸಿಲಿನ ಗೋಡೆ ಬೇಕು. ಬಿಸಿಲಿನ ಗೋಡೆಯ ಮೇಲೆ ನಮ್ಮ ನೀಲಿ ಅಕ್ಷರ. ಸಮಾರೋಪಕ್ಕೆ ಬರುವ ಮುಖ್ಯ ಅತಿಥಿಗಳಿಗೆ ತೋರಿಸಬೇಕಾದ ಶಿಬಿರದ ಏಕೈಕ ಸಾಧನೆ ಅದು. ಹುಡುಗರೆಲ್ಲ ಸರ್ ಮುಖ ನೋಡಿದರು. ಸರ್ ಗೋಡೆ ನೋಡಿದರು. ಕರ್ಚೀಫು ತೆಗೆದು ಮುಖ ಒರೆಸಿಕೊಂಡು, "ಬಡೀರಿ," ಎಂದರು.

ತಾವೂ ತೋಳು ಮಡಚಿದರು. ಅವರು ಬಡಿದ ಕುಳ್ಳು ಗೋಡೆಗೆ ಅಂಟಿದಂತೆ ಮಾಡಿ, ಅವರು ತಿರುಗುವುದನ್ನೇ ಕಾದು ಕೆಳಗೆ ಬೀಳುತ್ತಿತ್ತು. "ಸಾರೂ, ನಿಮ್ಮ ಕೈಲೆ ಅಲ್ಲ ಇದು. ಹೋಗಿ ಕೂಸಿನ ಮಾರಿ ನೋಡಿ ಬರ್ರಿ," ಎಂದಳು ಈರಮ್ಮ. ಕ್ಷಮಿಸಿದ್ದೇನೆಂದು ಅವಳು ಹೇಳಲಿಲ್ಲ. ಸರ್ ಕೈತೊಳೆದು, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋಗಿ ನೋಡಿ ಬಂದರು. ಮಧ್ಯಾಹ್ನಕ್ಕೆ ಗೋಡೆಯೆಲ್ಲ ಮುಚ್ಚಿತು. ಹುಣಸೆ ಮರದ ನೆರಳು ಬೀಳುವ ತುದಿಯಲ್ಲಿ ಕುಳ್ಳು ಒಣಗುವುದಿಲ್ಲವಾದ್ದರಿಂದ 'ತಾಯಿ-ಮಗು' ಎಂಬುದಷ್ಟೇ ಉಳಿಯಿತು.

ಸಮಾರೋಪದ ದಿನ ಮುಖ್ಯ ಅತಿಥಿಗಳು ಬಂದು ಗೋಡೆಯ ಮುಂದೆ ನಿಂತರು. "ಏನ್ರೀ ಇದು?" ಸರ್ ಒಂದು ಹೆಜ್ಜೆ ಮುಂದೆ ಬಂದರು. "ಊರವರ ಇಂಧನರೀ ಸರ್. ಹುಡುಗ್ರೇ ಮಾಡ್ಯಾರ," ಎಂದರು. ಅತಿಥಿಗಳು ಬಹಳ ಸಂತೋಷಪಟ್ಟು, ವೇದಿಕೆಯ ಮೇಲೆ ನವೀಕರಿಸಬಹುದಾದ ಇಂಧನದ ಬಗ್ಗೆ ಸಂಜೆಯ ತನಕ ಮಾತಾಡಿದರು. ನಮ್ಮದು ಮಾದರಿ ಶಿಬಿರವಾಯಿತು. ಮಾದರಿಗಳು ಹೇಗೆ ಹುಟ್ಟುತ್ತವೆಂದು ಅಂದಿನಿಂದ ನಾನು ಯಾರನ್ನೂ ಕೇಳುವುದಿಲ್ಲ.

ಕಳೆದ ವಾರ ಕುರುಗೋಡಿನ ಶಿಬಿರಕ್ಕೆ ಹೋಗಿಬಂದೆ. ಹೊರಡುವ ಮೊದಲೇ ಹೊಸ ಮೇಷ್ಟ್ರಿಗೆ ಹೇಳಿದ್ದೆ, ಉಪ್ಪಿಟ್ಟು ಹುಡುಗರು ಮಾಡಲಿ, ಹೆಣ್ಣುಮಕ್ಕಳ ಜೊತೆ ನಾನು ಬೀದಿಗೆ ಇಳಿಯುತ್ತೇನೆ ಎಂದು. ಮಾಡಿದರು. ಅದನ್ನು ಉಪ್ಪಿಟ್ಟು ಎಂದು ನಂಬಿ ಎಲ್ಲರೂ ತಿಂದೆವು. ಬೀದಿಯಲ್ಲಿ ನನ್ನದೊಂದೇ ನಿಯಮ. ಏನನ್ನೇ ಎತ್ತುವ ಮೊದಲು ಮನೆಯವರನ್ನು ಕೂಗಿ ಕೇಳಬೇಕು.

"ಅಮ್ಮಾರೆ, ಈ ಒಡಕು ಗಡಿಗಿ ಬೇಕೇನ್ರಿ?"

"ಬೇಕವ್ವಾ. ಕೋಳಿ ಮರಿ ಮುಚ್ಚಾಕ."

"ಅಜ್ಜಾರೆ, ಈ ಹರಕು ಟೈರು?"

"ಲೇ ಲೇ, ಇಡ ಅಲ್ಲೆ! ಎತ್ತು ಮೇವು ತಿನ್ನೋ ಗ್ವಾದಲಿ ಅದು."

ಮಧ್ಯಾಹ್ನವಾದರೂ ಚೀಲಗಳು ಮಡಿಕೆ ಬಿಚ್ಚಿರಲಿಲ್ಲ. ಹೊಸ ಮೇಷ್ಟ್ರು ಮೊಬೈಲ್ ಹಿಡಿದುಕೊಂಡು ನನ್ನ ಹಿಂದೆಯೇ ಬೆವರುತ್ತಿದ್ದರು.

"ಮೇಡಂ, ಹಿಂಗಾದ್ರ 'ಮೊದಲು' ಫೋಟೋಕ್ಕ ಏನ್ ಮಾಡೂದ್ರಿ? ಒಂದು ಬೀದ್ಯಾಗೂ ಕಸ ಇಲ್ಲ!"

ಸಾಲೆಯ ಅಂಗಳದಲ್ಲಿ ನಮ್ಮ ಊಟಕ್ಕೆಂದು ಬಳ್ಳಾರಿಯಿಂದ ತಂದ ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿಗಳ ಪೆಟ್ಟಿಗೆಗಳನ್ನು ಹುಡುಗರು ಬಿಚ್ಚುತ್ತಿದ್ದರು.

"ಅವಸರ ಮಾಡಬ್ಯಾಡ್ರಿ ಸರ್," ಎಂದೆ. "ನಮ್ಮದು ಊಟ ಆಗ್ಲಿ."